ಪದವಿಯ ಹೊಸ್ತಿಲಲ್ಲಿ: ಯಾವ ವಿಶ್ವವಿದ್ಯಾಲಯ, ಎಂಥ ದಿನಗಳು?

ಹನ್ನೆರಡನೆಯ ತರಗತಿಯ ಫಲಿತಾಂಶದ ಕಾಲ ಬಂತೆಂದರೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮಾವಿನ ಹಣ್ಣಿನ ರುಚಿಯೂ ನಾಲಗೆಗೆ ಹತ್ತುವುದಿಲ್ಲ. ಸಂಘದ ಕಾರ್ಯಕ್ರಮಕ್ಕೆ ಬಂದರೂ ಅದೇ ಮಾತು, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ ಅದೇ ಮಾತು. "ಮಗಳಿಗೆ ಎಷ್ಟು ಬಂತು? ಮುಂದೆ ಎಲ್ಲಿ?" ಎಷ್ಟು ಎಂಬುದಕ್ಕೆ ಅಂಕಪಟ್ಟಿ ಉತ್ತರ ಹೇಳುತ್ತದೆ. ಎಲ್ಲಿ ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಅಪ್ಪ ಒಂದು ಹೆಸರು ಹೇಳಿದರೆ ಸೋದರಮಾವ ಇನ್ನೊಂದು ಹೇಳುತ್ತಾರೆ, ಕೋಚಿಂಗ್ ಕ್ಲಾಸಿನವರು ಮೂರನೆಯದನ್ನು ಹೇಳುತ್ತಾರೆ. ಇವರೆಲ್ಲರ ನಡುವೆ ಕುಳಿತ ಹದಿನೆಂಟರ ಹುಡುಗನನ್ನೋ ಹುಡುಗಿಯನ್ನೋ ಯಾರೂ ಕೇಳದ ಪ್ರಶ್ನೆ ಒಂದಿದೆ: "ಅಲ್ಲಿಗೆ ಹೋದರೆ ನಿನ್ನ ಸೋಮವಾರ ಹೇಗಿರುತ್ತದೆ?"

ವಿದ್ಯಾರ್ಥಿ ಮಿತ್ರರೇ, ಈ ಲೇಖನ ನಿಮಗಾಗಿ. ನಾನು ಶಿಕ್ಷಣ ತಜ್ಞೆಯಲ್ಲ. ಉಡುಪಿಯಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಡೊಂಬಿವಲಿಗೆ ಬಂದು, ಮೂರು ದಶಕಗಳಿಂದ ಮನೆವಾರ್ತೆ ನೋಡಿಕೊಂಡಿರುವ ಗೃಹಿಣಿ. ಆದರೆ ನಮ್ಮ ಮನೆಯಿಂದ, ನಮ್ಮ ಕಟ್ಟಡದಿಂದ, ನಮ್ಮ ನೆಂಟರಿಷ್ಟರಿಂದ ಒಂದೊಂದು ಊರಿಗೆ ಓದಲು ಹೋದ ಮಕ್ಕಳನ್ನು ಹತ್ತಿರದಿಂದ ಕಂಡಿದ್ದೇನೆ. ಅವರು ಕಳಿಸಿದ ಫೋಟೋಗಳಿಗಿಂತ, ರಾತ್ರಿ ಹನ್ನೊಂದಕ್ಕೆ ಅಮ್ಮಂದಿರಿಗೆ ಮಾಡಿದ ಫೋನುಗಳಿಂದ ನನಗೆ ಹೆಚ್ಚು ತಿಳಿಯಿತು. ಆ ತಿಳಿವಳಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ.

ಪರೀಕ್ಷೆಯ ವಿಶ್ವವಿದ್ಯಾಲಯ, ಬಾಳುವೆಯ ವಿಶ್ವವಿದ್ಯಾಲಯ

ಬಿ.ಎ.ಯಲ್ಲಿ ನಮಗೆ ಗದ್ಯದ ಪತ್ರಿಕೆಯಲ್ಲಿ ಜಾನ್ ಹೆನ್ರಿ ನ್ಯೂಮನ್ನರ ಬರಹವಿತ್ತು. ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹೊಸದೊಂದು ವಿಶ್ವವಿದ್ಯಾಲಯ ಕಟ್ಟುವ ಸಂದರ್ಭದಲ್ಲಿ, 1852ರಲ್ಲಿ ಅವರು ಸಿದ್ಧಪಡಿಸಿದ ಉಪನ್ಯಾಸಗಳು 'ದಿ ಐಡಿಯಾ ಆಫ್ ಎ ಯುನಿವರ್ಸಿಟಿ' ಎಂಬ ಗ್ರಂಥದಲ್ಲಿ ಸೇರಿವೆ. ಅದರಲ್ಲಿ ಅವರು ಒಂದು ವಿಚಿತ್ರ ಆಯ್ಕೆಯನ್ನು ನಮ್ಮ ಮುಂದಿಡುತ್ತಾರೆ. ವಿದ್ಯಾರ್ಥಿಗಳಿಗೆ ವಸತಿಯನ್ನೂ ಮಾರ್ಗದರ್ಶನವನ್ನೂ ಕೊಡದೆ ಪರೀಕ್ಷೆ ಮಾತ್ರ ನಡೆಸಿ ಪದವಿ ಕೊಡುವ ವಿಶ್ವವಿದ್ಯಾಲಯ ಒಂದು. ಪಾಠವನ್ನೂ ಪರೀಕ್ಷೆಯನ್ನೂ ಬಿಟ್ಟು, ಹಲವು ಕಡೆಯ ತರುಣರನ್ನು ಮೂರು ನಾಲ್ಕು ವರ್ಷ ಒಂದೆಡೆ ಸೇರಿಸಿ ಕಳಿಸಿಬಿಡುವ ವಿಶ್ವವಿದ್ಯಾಲಯ ಇನ್ನೊಂದು. ಬುದ್ಧಿಯನ್ನು ತಿದ್ದುವ ಕೆಲಸದಲ್ಲಿ ಎರಡನೆಯದೇ ಮೇಲು ಎಂದು ನ್ಯೂಮನ್ ವಾದಿಸುತ್ತಾರೆ. ಜೊತೆಗಾರರು ಒಬ್ಬರಿಗೊಬ್ಬರು ಕಲಿಸುತ್ತಾರೆ ಎಂಬುದು ಅವರ ನಂಬಿಕೆ.

ಸ್ವಾರಸ್ಯದ ಸಂಗತಿಯೆಂದರೆ, ನಮ್ಮ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು ಆ ಮೊದಲ ಬಗೆಯದಾಗಿ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ಈ ಮೂರೂ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸ್ಥಾಪನೆಯಾದವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಚರ್ಚ್‌ಗೇಟಿನಿಂದ ಕೋಟೆಯತ್ತ ನಡೆದರೆ ಕಾಣುವ ರಾಜಾಬಾಯಿ ಗಡಿಯಾರ ಗೋಪುರವನ್ನು ಪ್ರೇಮಚಂದ್ ರಾಯಚಂದ್ ಎಂಬ ವರ್ತಕರು ತಾಯಿಯ ಹೆಸರಿನಲ್ಲಿ ಕಟ್ಟಿಸಿದರು. ಅದು ಪೂರ್ಣಗೊಂಡದ್ದು 1878ರಲ್ಲಿ. ಅಷ್ಟು ಚೆಂದದ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವವರಲ್ಲಿ ಬಹುಪಾಲು ಪದವೀಧರರು ತಮ್ಮ ವಿದ್ಯಾರ್ಥಿ ಜೀವನವನ್ನು ಕಳೆದದ್ದು ಮುಲುಂಡಿನಲ್ಲೋ ಪಾರ್ಲೆಯಲ್ಲೋ ಕಲ್ಯಾಣದಲ್ಲೋ ಇರುವ ಒಂದು ಕಾಲೇಜಿನಲ್ಲಿ.

ಇಲ್ಲಿಂದ ನಿಮ್ಮ ಮೊದಲ ಪಾಠ. ನೂರಾರು ಕಾಲೇಜುಗಳಿರುವ ವಿಶ್ವವಿದ್ಯಾಲಯದಲ್ಲಿ ಪದವಿಪತ್ರದ ಮೇಲಿನ ಮುದ್ರೆ ಎಲ್ಲರಿಗೂ ಒಂದೇ, ದಿನಗಳು ಮಾತ್ರ ಬೇರೆ ಬೇರೆ. ಒಂದು ಕಡೆ ಗ್ರಂಥಾಲಯ ರಾತ್ರಿಯವರೆಗೆ ತೆರೆದಿರುತ್ತದೆ, ಇನ್ನೊಂದು ಕಡೆ ಸಂಜೆ ನಾಲ್ಕಕ್ಕೆ ಬೀಗ. ಒಂದು ಕಡೆ ನಿಮ್ಮ ವಿಷಯಕ್ಕೆ ಐದು ಮಂದಿ ಕಾಯಂ ಅಧ್ಯಾಪಕರು, ಇನ್ನೊಂದು ಕಡೆ ಪ್ರತಿ ವರ್ಷ ಬದಲಾಗುವ ಗಂಟೆ ಲೆಕ್ಕದವರು. ಆದ್ದರಿಂದ ವಿಶ್ವವಿದ್ಯಾಲಯದ ಹೆಸರು ಕೇಳಿದ ಮೇಲೆ ಕಾಲೇಜನ್ನು ಕೇಳಿ, ಕಾಲೇಜಿನ ಹೆಸರು ಕೇಳಿದ ಮೇಲೆ ವಿಭಾಗವನ್ನು ಕೇಳಿ.

ನಮ್ಮ ಹಿರಿಯರು ಓದಿದ ದಾರಿ

ಮನೆಯಿಂದ ದೂರ ಹೋಗಿ ಓದುವುದು ನಮ್ಮವರಿಗೆ ಹೊಸತೇನಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದಾಗ ಅದು ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲೇ ಇತ್ತು. ಸ್ವಾತಂತ್ರ್ಯದ ನಂತರ, 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ನಮ್ಮ ಇದೇ ಮುಂಬಯಿಯಲ್ಲಿ. ಅದು ಧಾರವಾಡಕ್ಕೆ ಹೋದದ್ದು 1950ರಲ್ಲಿ. ಹಾಗಾಗಿ ಬೆಳಗಾವಿ, ವಿಜಯಪುರ, ಕಾರವಾರದ ಕಡೆಯ ಹಳೆಯ ಮನೆಗಳ ಟ್ರಂಕಿನಲ್ಲಿ ಅಜ್ಜನ ಪದವಿಪತ್ರ ಸಿಕ್ಕರೆ ಅದರ ಮೇಲೆ ಮುಂಬಯಿಯ ಮುದ್ರೆ ಕಂಡು ಬೆರಗಾಗಬೇಡಿ.

ವರಕವಿ ಬೇಂದ್ರೆಯವರು ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಉತ್ತರ ಕನ್ನಡದ ಹನೇಹಳ್ಳಿಯಿಂದ ಹೊರಟ ಯಶವಂತ ಚಿತ್ತಾಲರು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ಓದಿದರು. ಮಾಟುಂಗಾದ ಆ ವಿಭಾಗವೇ ಇಂದು ಐ.ಸಿ.ಟಿ. ಎಂಬ ಸ್ವತಂತ್ರ ವಿದ್ಯಾಸಂಸ್ಥೆ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1962-63ರ ಸುಮಾರಿಗೆ ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಗಣಿತ ಓದಿದವರು ನಾಟಕಕಾರರಾದರು, ತಂತ್ರಜ್ಞಾನ ಓದಿದವರು ಕಾದಂಬರಿಕಾರರಾದರು. ಪಾಠದ ಹೊರಗಿನ ಗಂಟೆಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇವರ ಜೊತೆಗೆ ಹೆಸರಿಲ್ಲದ ಒಂದು ದೊಡ್ಡ ಪಡೆಯನ್ನೂ ನೆನೆಯಬೇಕು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಎಸ್.ಎಸ್.ಸಿ. ಮುಗಿಸಿ, ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವರು ನಿಮ್ಮ ಅಪ್ಪಂದಿರು, ದೊಡ್ಡಪ್ಪಂದಿರು. ಅವರಿಗೆ ವಿಶ್ವವಿದ್ಯಾಲಯವೆಂದರೆ ಪರೀಕ್ಷೆ ಮಾತ್ರವಾಗಿತ್ತು. ವಿದ್ಯಾರ್ಥಿ ಜೀವನ ಎಂಬ ಮಾತಿನ ಸುಖ ಅವರಿಗೆ ದಕ್ಕಲಿಲ್ಲ. ನಿಮ್ಮ ಆಯ್ಕೆಯ ವಿಚಾರ ಬಂದಾಗ ಅವರು "ಪದವಿ ಎಲ್ಲಿ ಮಾಡಿದರೂ ಪದವಿಯೇ" ಎಂದರೆ ಸಿಟ್ಟಾಗಬೇಡಿ. ಅವರ ಅನುಭವ ಅವರಿಗೆ ಅಷ್ಟನ್ನೇ ಕಲಿಸಿದೆ.

ಮೂರು ಊರು, ಮೂರು ದಿನಚರಿ

ಮೊದಲು ಮುಂಬಯಿ. ನನ್ನ ಮಗ ಬಿ.ಎಸ್ಸಿ. ಮಾಡಿದ್ದು ಮನೆಯಿಂದಲೇ. ಬೆಳಗ್ಗೆ ಆರರ ಲೋಕಲ್ ಹಿಡಿದರೆ ಏಳೂವರೆಯ ತರಗತಿಗೆ ಸರಿಹೋಗುತ್ತಿತ್ತು. ಹೋಗಿ ಬರಲು ದಿನಕ್ಕೆ ಮೂರು ಗಂಟೆ. ವಿದ್ಯಾರ್ಥಿಗಳಿಗೆ ರೈಲ್ವೆ ಪಾಸಿನಲ್ಲಿ ರಿಯಾಯಿತಿ ಇದೆ, ಸಮಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮೊದಲ ವರ್ಷ ಅವನು ಪಾಠ ಮುಗಿದ ಕೂಡಲೇ ಮನೆಗೆ ಓಡಿ ಬರುತ್ತಿದ್ದ. ಡಬ್ಬಿಯ ಊಟ, ನಿದ್ದೆ, ಸಂಜೆ ಕ್ಲಾಸು. ಕಾಲೇಜಿನಲ್ಲಿ ಒಬ್ಬ ಗೆಳೆಯನ ಹೆಸರು ಕೇಳಿದರೂ ಅವನು ಯೋಚಿಸಬೇಕಾಗಿತ್ತು. ಎರಡನೆಯ ವರ್ಷ ಒಬ್ಬ ಅಧ್ಯಾಪಕರು ಎನ್.ಎಸ್.ಎಸ್. ಶಿಬಿರಕ್ಕೆ ಅವನನ್ನು ಕರೆದೊಯ್ದರು. ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ ಏಳು ದಿನ ಮಣ್ಣು ಹೊತ್ತು ಬಂದ ಹುಡುಗ ಬೇರೆಯೇ ಆಗಿದ್ದ. ಆಮೇಲೆ ಅವನು ಮನೆಗೆ ಬರುತ್ತಿದ್ದುದು ಕತ್ತಲಾದ ಮೇಲೆ. ಕ್ಯಾಂಟೀನಿನ ಕಟಿಂಗ್ ಚಹಾ, ಪ್ರಯೋಗಾಲಯ, ಸೇಂಟ್ ಝೇವಿಯರ್ಸಿನ ಮಲ್ಹಾರ್ ಉತ್ಸವ, ಪವಾಯಿಯ ಐ.ಐ.ಟಿ.ಯ ಮೂಡ್ ಇಂಡಿಗೊ ಎಲ್ಲವೂ ಅವನ ಮಾತಿನಲ್ಲಿ ಬಂದವು.

ಮನೆಯಲ್ಲಿದ್ದೇ ಓದುವವರಿಗೆ ಈ ಮಹಾನಗರವೇ ಆವರಣವಾಗಬಲ್ಲದು. ಕಲೀನಾದ ವಿದ್ಯಾನಗರಿಯಲ್ಲಿ ಜವಾಹರಲಾಲ್ ನೆಹರೂ ಗ್ರಂಥಾಲಯವಿದೆ. ಕಾಲಾ ಘೋಡಾದಲ್ಲಿ ಡೇವಿಡ್ ಸಸೂನ್ ಗ್ರಂಥಾಲಯವಿದೆ. ಟೌನ್ ಹಾಲಿನಲ್ಲಿ, 1804ರಷ್ಟು ಹಿಂದಿನ ಇತಿಹಾಸವುಳ್ಳ ಏಷ್ಯಾಟಿಕ್ ಸೊಸೈಟಿಯ ಪುಸ್ತಕ ಭಂಡಾರವಿದೆ. ಅದೇ ವಿದ್ಯಾನಗರಿಯಲ್ಲಿ ನಮ್ಮ ಕನ್ನಡ ವಿಭಾಗವೂ ಇದೆ. ನಮ್ಮ ಸಂಘದ ಗೆಳತಿಯೊಬ್ಬರು ಐವತ್ತು ದಾಟಿದ ಮೇಲೆ ಅಲ್ಲಿ ಕನ್ನಡ ಎಂ.ಎ. ಮುಗಿಸಿದರು, ಮೊಮ್ಮಗನ ವಯಸ್ಸಿನವರ ಜೊತೆ ಕುಳಿತು. ಮನೆಯಿಂದ ಓದುವವರು ಒಂದೇ ಒಂದು ವ್ರತ ಹಿಡಿಯಬೇಕು: ಪಾಠ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ ಕಾಲೇಜಿನಲ್ಲೇ ಉಳಿಯುವುದು. ಹಾಗೆ ಮಾಡದಿದ್ದರೆ ಮೂರು ವರ್ಷ ರೈಲಿನಲ್ಲಿ ಓದಿದಂತಾಗುತ್ತದೆ.

ಎರಡನೆಯದು ದೆಹಲಿ. ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯ ಹುಡುಗಿ ಚರಿತ್ರೆ ಓದಬೇಕೆಂದು ಹಟ ಹಿಡಿದವಳು. ತಂದೆ ಹದಿನಾಲ್ಕರ ಪ್ರಾಯದಲ್ಲಿ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದು ಈಗ ಸಣ್ಣದೊಂದು ಕ್ಯಾಂಟೀನ್ ನಡೆಸುವವರು. "ಚರಿತ್ರೆ ಓದಿ ಏನು ಮಾಡುತ್ತೀ? ಇಲ್ಲೇ ಬಿ.ಕಾಂ. ಮಾಡು" ಎಂದರು. ದೆಹಲಿ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಕೆಲವು ಕಡೆ ಕಟ್-ಆಫ್ ನೂರಕ್ಕೆ ನೂರು ಮುಟ್ಟಿತ್ತು. ಮರುವರ್ಷ, 2022ರಲ್ಲಿ, ಸಿ.ಯು.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದು, ಬೋರ್ಡಿನ ಅಂಕಗಳ ಬದಲು ಆ ಪರೀಕ್ಷೆಯ ಅಂಕಗಳೇ ಲೆಕ್ಕಕ್ಕೆ ಬಂದವು. ಹುಡುಗಿಗೆ ಸೀಟು ಸಿಕ್ಕಿತು. ಮನೆಯಲ್ಲಿ ಮೂರು ದಿನ ಮಾತಿಲ್ಲ. ಕೊನೆಗೆ ತಂದೆಯೇ ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಆ ವರ್ಷ ಪ್ರವೇಶ ತಡವಾಗಿ, ತರಗತಿಗಳು ಶುರುವಾದದ್ದು ನವೆಂಬರಿನಲ್ಲಿ. ಡೊಂಬಿವಲಿಯ ಸೆಕೆಯಲ್ಲಿ ಬೆಳೆದವಳಿಗೆ ಡಿಸೆಂಬರಿನ ದೆಹಲಿಯ ಚಳಿ! ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಸಿಗದೆ ಕಮಲಾ ನಗರದ ಪೇಯಿಂಗ್ ಗೆಸ್ಟ್ ಕೋಣೆಯೊಂದರಲ್ಲಿ ಮೂವರ ಜೊತೆ ವಾಸ. ಬೆಳಗ್ಗೆ ಆಲೂ ಪರಾಠಾ, ರಾತ್ರಿ ರಾಜ್ಮಾ. ವಾರದಲ್ಲಿ ಎರಡು ಸಲ ಅಮ್ಮನಿಗೆ ಫೋನು ಮಾಡಿ ಅಳು, "ನಾನು ವಾಪಸು ಬರುತ್ತೇನೆ." ಅಮ್ಮ ಬುದ್ಧಿವಂತೆ. "ಸೆಮಿಸ್ಟರ್ ಮುಗಿಸಿ ಬಾ, ಆಮೇಲೆ ನೋಡೋಣ" ಎಂದಳು. ಅಷ್ಟರಲ್ಲಿ ಎರಡು ಸಂಗತಿ ನಡೆದವು. ಒಂದು, ಅಲ್ಲಿನ ಟ್ಯುಟೋರಿಯಲ್ ಪದ್ಧತಿ. ಸಣ್ಣ ಗುಂಪಿನಲ್ಲಿ ಕೂರಿಸಿ, ಬರೆದ ಪ್ರಬಂಧವನ್ನು ಮುಂದಿಟ್ಟು ಚರ್ಚಿಸುವ ಒಬ್ಬ ಅಧ್ಯಾಪಕಿ ಇವಳ ಪ್ರಬಂಧದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಪುಟ ಬರೆದುಕೊಟ್ಟರು. ಹನ್ನೆರಡು ವರ್ಷದ ಶಾಲೆಯಲ್ಲಿ ಯಾರೂ ಅವಳ ಬರಹವನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲ. ಇನ್ನೊಂದು, ಒಂದು ಭಾನುವಾರ ಗೆಳತಿಯೊಬ್ಬಳು ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನಾಟಕ ನೋಡಿ, ಕನ್ನಡ ಮಾತು ಕಿವಿಗೆ ಬಿದ್ದು, ಹುಡುಗಿಯ ಜೀವಕ್ಕೆ ತಂಪಾಯಿತು. ಮುಂಬಯಿಯಲ್ಲಿ ಅಪ್ಪ ಎಳೆದರೂ ಸಂಘಕ್ಕೆ ಬಾರದವಳು ಅವಳು! 2025ರಲ್ಲಿ ಅವಳ ಮೂರು ವರ್ಷ ಮುಗಿದವು. ನಾಲ್ಕನೆಯ ವರ್ಷದ ಆನರ್ಸಿಗೆ ಅಲ್ಲೇ ಉಳಿದಳು. ಕ್ಯಾಂಟೀನಿನ ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ, ತಂದೆ ಅವಳ ಪದವಿಯ ಫೋಟೋ ಹಾಕಿಸಿದ್ದಾರೆ.

ಮೂರನೆಯದು ಮೈಸೂರು. ನನ್ನ ನಾದಿನಿಯ ಮಗಳು ಮುಂಬಯಿಯಲ್ಲಿ ಬಿ.ಎ. ಮಾಡಿ, ಭಾಷಾವಿಜ್ಞಾನದ ಎಂ.ಎ.ಗೆ ಮಾನಸಗಂಗೋತ್ರಿಗೆ ಹೋದಳು. ಮೈಸೂರು ವಿಶ್ವವಿದ್ಯಾಲಯವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ್ದು 1916ರಲ್ಲಿ. ನೇರ ಬ್ರಿಟಿಷ್ ಆಡಳಿತದ ಹೊರಗೆ, ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಅಲ್ಲೇ ಓದಿ, ಅಲ್ಲೇ ಕಲಿಸಿ, ಅಲ್ಲೇ ಕುಲಪತಿಯಾದ ಕುವೆಂಪು ಅವರು ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಆವರಣದೊಳಗೇ ಜಯಲಕ್ಷ್ಮೀ ವಿಲಾಸ ಅರಮನೆ, ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ, ಅಷ್ಟು ಹತ್ತಿರದಲ್ಲೇ ಭಾರತೀಯ ಭಾಷಾ ಸಂಸ್ಥಾನ. ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಬೆಳೆದ ಹುಡುಗಿಗೆ ಬೆಳಗಿನ ಕೆರೆಯ ದಂಡೆಯ ನಡಿಗೆಯೇ ಒಂದು ವಿದ್ಯಾಭ್ಯಾಸವಾಯಿತು.

ಆದರೆ ಮೊದಲ ತಿಂಗಳು ಅವಳಿಗೆ ಬೇರೊಂದು ಕಷ್ಟ. ಅವಳ ಕನ್ನಡ! "ಟೆನ್ಶನ್ ತಗೋಬೇಡ ಯಾರ್, ಖಾಲಿಪೀಲಿ ಲಫಡಾ ಯಾಕೆ" ಎಂದು ಅವಳು ಮಾತು ಶುರು ಮಾಡಿದರೆ ಹಾಸ್ಟೆಲಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. "ಬಾಂಬೆಯವಳು" ಎಂಬ ಅಡ್ಡಹೆಸರು ಬಂತು. ಮುಂಬಯಿಯಲ್ಲಿ ಸೌತ್ ಇಂಡಿಯನ್, ಮೈಸೂರಿನಲ್ಲಿ ಬಾಂಬೆಯವಳು. ಹಾಗಾದರೆ ನಾನು ಎಲ್ಲಿಯವಳು ಎಂದು ಅವಳು ಕೇಳಿದಾಗ ನನಗೂ ಕಣ್ಣು ತುಂಬಿತ್ತು. ನಿಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆ ಗೊತ್ತಿರಬೇಕು. ಅವಳ ಅಧ್ಯಾಪಕರೊಬ್ಬರು ಇದನ್ನು ಕೇಳಿಸಿಕೊಂಡು ಒಂದು ಕೆಲಸ ಕೊಟ್ಟರು. ಅಮ್ಮನೊಡನೆ ತುಳು, ಅಪ್ಪನೊಡನೆ ಕನ್ನಡ, ನೆರೆಮನೆಯವರೊಡನೆ ಮರಾಠಿ, ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಇಂಥ ಒಂದು ಮನೆಯಲ್ಲಿ ಯಾವ ಮಾತು ಯಾವಾಗ ಯಾಕೆ ಬದಲಾಗುತ್ತದೆ ಎಂಬುದನ್ನೇ ಅವಳು ಪ್ರಬಂಧವಾಗಿ ಬರೆಯಬೇಕು. ನಾಚಿಕೆಯೆಂದುಕೊಂಡಿದ್ದದ್ದು ವಿದ್ಯೆಯ ವಸ್ತುವಾಯಿತು. ದೀಪಾವಳಿಗೆ ಬಂದಾಗ ಅವಳು ನಮ್ಮ ಮನೆಯ ಊಟದ ಮೇಜಿನ ಮಾತನ್ನೆಲ್ಲ ಧ್ವನಿಮುದ್ರಣ ಮಾಡಿಕೊಂಡು ಹೋದಳು.

ಈ ಮೂವರೂ ಒಳ್ಳೆಯ ಕಡೆಯೇ ಓದಿದರು. ಅವರನ್ನು ಬೆಳೆಸಿದ್ದು ಒಂದು ಶಿಬಿರ, ಕೆಂಪು ಶಾಯಿಯ ಒಂದು ಪುಟ, ಒಂದು ಪ್ರಬಂಧದ ವಿಷಯ. ಅದರ ಹಿಂದೆ ಮೂವರು ಅಧ್ಯಾಪಕರಿದ್ದರು ಎಂಬುದನ್ನು ಗಮನಿಸಿ. ಇಂಥವರು ಸಿಗುವ ಸಾಧ್ಯತೆ ಎಲ್ಲಿ ಹೆಚ್ಚು ಎಂದು ಹುಡುಕುವುದೇ ವಿಶ್ವವಿದ್ಯಾಲಯದ ಆಯ್ಕೆ.

ನಾವು ಎಲ್ಲಿಯವರು? ನಿಯಮ ಏನೆನ್ನುತ್ತದೆ?

ಹೊರನಾಡ ಮಕ್ಕಳು ತಿಳಿಯಲೇಬೇಕಾದ ಕೆಲವು ಒಣ ಸಂಗತಿಗಳಿವೆ. ಇಂಜಿನಿಯರಿಂಗ್‌ನಂಥ ವೃತ್ತಿಪರ ಶಿಕ್ಷಣದ ಸರಕಾರಿ ಸೀಟುಗಳಿಗೆ ಪ್ರತಿ ರಾಜ್ಯವೂ ಸ್ಥಳೀಯರು ಯಾರೆಂದು ಗೆರೆ ಎಳೆದಿದೆ. ಮಹಾರಾಷ್ಟ್ರದಲ್ಲಿ ಹುಟ್ಟಿ, ಹತ್ತನೆಯದನ್ನೂ ಹನ್ನೆರಡನೆಯದನ್ನೂ ಇಲ್ಲೇ ಮುಗಿಸಿದವರು ಸಾಮಾನ್ಯವಾಗಿ ಇಲ್ಲಿನ ಲೆಕ್ಕಕ್ಕೆ ಬರುತ್ತಾರೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯೊಳಗೆ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಆದರೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದೇ ಪ್ರತ್ಯೇಕ ಅವಕಾಶವಿದ್ದು, ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯೊಂದನ್ನು ನಡೆಸುತ್ತಾರೆ. ಅಜ್ಜಿ ಸ್ಲೇಟಿನ ಮೇಲೆ ತಿದ್ದಿಸಿದ ಅ ಆ ಇ ಈ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ! ಯಾರಿಗೆ, ಯಾವ ಸೀಟಿಗೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿಯೇ ಅರ್ಜಿ ಹಾಕಿ.

ಮೀಸಲಾತಿಯ ವಿಷಯದಲ್ಲೂ ಎಚ್ಚರ ಬೇಕು. ಕರ್ನಾಟಕದ ಪಟ್ಟಿಯಲ್ಲಿರುವ ಸಮುದಾಯ ಮಹಾರಾಷ್ಟ್ರದ ಪಟ್ಟಿಯಲ್ಲಿ ಇರಬೇಕೆಂದಿಲ್ಲ. ಇದ್ದರೂ ವಲಸೆ ಬಂದ ಕುಟುಂಬಕ್ಕೆ ಅದು ಸಿಗುತ್ತದೆಂಬ ಭರವಸೆಯಿಲ್ಲ. ಇಲ್ಲಿ ಜಾತಿ ಪ್ರಮಾಣಪತ್ರದ ಜೊತೆ ಸಿಂಧುತ್ವದ ಪತ್ರವನ್ನೂ ಕೇಳುತ್ತಾರೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹನ್ನೊಂದನೆಯ ತರಗತಿಯಲ್ಲೇ ಈ ಕೆಲಸಕ್ಕೆ ಕೈಹಚ್ಚಿ.

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಈ ತಂಟೆ ಕಡಿಮೆ. ದೆಹಲಿ ವಿಶ್ವವಿದ್ಯಾಲಯ, ಜೆ.ಎನ್.ಯು., ಹೈದರಾಬಾದ್ ವಿಶ್ವವಿದ್ಯಾಲಯ, ಕಾಶಿಯ ಹಿಂದೂ ವಿಶ್ವವಿದ್ಯಾಲಯ, ಕಲಬುರಗಿಯ ಬಳಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವೆಲ್ಲ ಇಡೀ ದೇಶದ ಮಕ್ಕಳಿಗೆ ತೆರೆದವು, ಶುಲ್ಕವೂ ಹಗುರ. ವಿಜ್ಞಾನದಲ್ಲಿ ನಿಜವಾದ ಆಸಕ್ತಿಯಿರುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷದ ಪದವಿಯನ್ನೂ ನಡೆಸುತ್ತಿದೆ.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬುದನ್ನೂ ಕೇಳಿ ತಿಳಿಯಿರಿ. 2020ರ ಹೊಸ ಶಿಕ್ಷಣ ನೀತಿಯಂತೆ ಅನೇಕ ಕಡೆ ನಾಲ್ಕು ವರ್ಷದ ಪದವಿ ಬಂದಿದೆ, ಮೂರು ವರ್ಷಕ್ಕೆ ಹೊರಬರುವ ಅವಕಾಶವೂ ಇದೆ. ಕರ್ನಾಟಕ ಸರಕಾರ 2021ರಲ್ಲಿ ಈ ಪದ್ಧತಿಯನ್ನು ತಂದು, 2024ರಲ್ಲಿ ತನ್ನ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಮುಂದೆ ವಿದೇಶದಲ್ಲಿ ಓದುವ ಆಸೆಯಿದ್ದರೆ ಈ ವ್ಯತ್ಯಾಸ ಮುಖ್ಯವಾಗಬಹುದು. ಮಹಾರಾಷ್ಟ್ರದಲ್ಲಿ ಎ.ಐ.ಸಿ.ಟಿ.ಇ. ಮಾನ್ಯತೆಯ ಬಿ.ಬಿ.ಎ., ಬಿ.ಸಿ.ಎ., ಬಿ.ಎಂ.ಎಸ್. ತರಗತಿಗಳಿಗೆ 2024ರಿಂದ ಪ್ರವೇಶ ಪರೀಕ್ಷೆ ಇದೆ ಎಂಬುದೂ ನೆನಪಿರಲಿ.

ಥಳಕಿನ ಪುಸ್ತಿಕೆಗಳಿಗೆ ಮರುಳಾಗಬೇಡಿ. ನಮ್ಮ ಪರಿಚಯದ ಒಂದು ಕುಟುಂಬ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳದಲ್ಲಿ, "ಇಂದೇ ಕಟ್ಟಿದರೆ ವಿದ್ಯಾರ್ಥಿವೇತನ" ಎಂಬ ಮಾತು ನಂಬಿ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಮುಂಗಡ ಕಟ್ಟಿತು. ಆಮೇಲೆ ಮಗ ಬೇರೆ ಕಡೆ ಸೇರಿದಾಗ ಆ ಹಣ ಹಿಂದೆ ಪಡೆಯಲು ವರ್ಷವಿಡೀ ಪತ್ರ ಬರೆಯಬೇಕಾಯಿತು. ಸಂಸ್ಥೆಗೆ ಯು.ಜಿ.ಸಿ. ಮನ್ನಣೆ ಇದೆಯೇ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ.ಯೇ ಪ್ರಕಟಿಸುತ್ತದೆ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯ ಶ್ರೇಣಿ, 2016ರಿಂದ ಹೊರಬರುತ್ತಿರುವ ಎನ್.ಐ.ಆರ್.ಎಫ್. ಪಟ್ಟಿ ಇವನ್ನೂ ನೋಡಿ. ಆದರೆ ಪಟ್ಟಿಯ 40ನೆಯ ಸ್ಥಾನಕ್ಕೂ 60ನೆಯ ಸ್ಥಾನಕ್ಕೂ ನಡುವೆ ನಿಮ್ಮ ಸೋಮವಾರ ಅಡಗಿರುವುದಿಲ್ಲ.

ಹಾಸ್ಟೆಲು, ಹಣ, ಹೆದರಿಕೆ

ಹೆಣ್ಣುಮಕ್ಕಳನ್ನು ಹೊರಗೆ ಕಳಿಸುವ ಮಾತು ಬಂದಾಗ ಈಗಲೂ ನಮ್ಮ ಮನೆಗಳಲ್ಲಿ ದನಿ ತಗ್ಗುತ್ತದೆ. ಗಂಡುಮಕ್ಕಳಿಗೆ "ಎಲ್ಲಿ" ಎಂಬ ಪ್ರಶ್ನೆ, ಹೆಣ್ಣುಮಕ್ಕಳಿಗೆ "ಯಾಕೆ" ಎಂಬ ಪ್ರಶ್ನೆ. ತಂದೆತಾಯಂದಿರ ಭಯ ಸುಳ್ಳಲ್ಲ. ಆದರೆ ಭಯಕ್ಕೆ ಉತ್ತರ ಬೀಗವೊಂದೇ ಅಲ್ಲ. ಹುಡುಗಿಯರ ಹಾಸ್ಟೆಲಿಗೆ ಮಾತ್ರ ಸಂಜೆಯೇ ಬಾಗಿಲು ಹಾಕುವುದನ್ನು ವಿರೋಧಿಸಿ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್' ಎಂಬ ಚಳವಳಿ ನಡೆಸಿದರು. ಗ್ರಂಥಾಲಯ ತೆರೆದಿರುವ ಹೊತ್ತಿನಲ್ಲಿ ಹಾಸ್ಟೆಲಿನ ಬಾಗಿಲು ಮುಚ್ಚಿದರೆ ಓದುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಅರ್ಜಿ ಹಾಕುವ ಮುನ್ನ ಹಾಸ್ಟೆಲಿನ ನಿಯಮ, ಬಾಗಿಲು ಹಾಕುವ ವೇಳೆ, ದಾರಿಯ ಬೆಳಕು, ಮೊದಲ ವರ್ಷದವರಿಗೆ ಕೋಣೆ ಸಿಗುತ್ತದೆಯೇ ಎಂಬುದನ್ನೆಲ್ಲ ಕೇಳಿ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೇಳಿ. ಗೊತ್ತಿಲ್ಲದ ಊರಿನ ಭಯ ದೊಡ್ಡದು, ಗೊತ್ತಾದ ಊರಿನ ಭಯ ಸಣ್ಣದು.

ರ್‍ಯಾಗಿಂಗ್ ವಿಷಯದಲ್ಲಿ 2009ರ ಯು.ಜಿ.ಸಿ. ನಿಯಮಗಳು ಕಟ್ಟುನಿಟ್ಟಾಗಿವೆ. ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ತೊಂದರೆಯಾದರೆ 1800-180-5522 ಸಹಾಯವಾಣಿಗೆ ಕರೆ ಮಾಡಬಹುದು. "ಹಿರಿಯರು ತಮಾಷೆ ಮಾಡುತ್ತಾರೆ, ಸಹಿಸಿಕೋ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮನಸ್ಸು ಕುಗ್ಗಿದಾಗಲೂ ಅಷ್ಟೇ, ಬಾಯಿ ಬಿಟ್ಟು ಹೇಳಿ. ಮೊದಲ ಆರು ವಾರ ಎಲ್ಲರಿಗೂ ಮನೆ ನೆನಪಾಗುತ್ತದೆ. ಅದು ಕಳೆಯದೆ ದಿನದಿಂದ ದಿನಕ್ಕೆ ಹೆಚ್ಚಿದರೆ, ನಿದ್ದೆ ಊಟ ಬಿಟ್ಟುಹೋದರೆ, ವಿಶ್ವವಿದ್ಯಾಲಯದ ಆಪ್ತಸಲಹೆಗಾರರ ಬಳಿ ಹೋಗುವುದರಲ್ಲಿ ನಾಚಿಕೆಯೇನಿಲ್ಲ.

ಹಣದ ಲೆಕ್ಕ ಗೃಹಿಣಿಯರಿಗೆ ಬಿಡಿ! ಶುಲ್ಕ ಎಂದು ಮುದ್ರಿಸಿದ ಅಂಕಿ ಅರ್ಧ ಲೆಕ್ಕ ಮಾತ್ರ. ಒಂದು ನೋಟುಬುಕ್ಕಿನಲ್ಲಿ ಕೋಣೆ ಬಾಡಿಗೆ, ಊಟ, ವರ್ಷಕ್ಕೆ ಎರಡು ಸಲದ ರೈಲು, ಸ್ವೆಟರು ರಜಾಯಿ, ಪುಸ್ತಕ, ಠೇವಣಿ, ಜ್ವರ ಬಂದರೆ ಔಷಧ ಎಂದು ಬರೆದು ಮೂರರಿಂದ ಅಥವಾ ನಾಲ್ಕರಿಂದ ಗುಣಿಸಿ. ಆ ಮೊತ್ತವನ್ನು ಮನೆಯ ಊಟದ ಮೇಜಿನ ಮೇಲೆ ಇಡಿ. ಸಾಲ ಮಾಡಿ ಓದಿಸಬೇಕಾದರೆ ಅದನ್ನು ತೀರಿಸುವವರು ನೀವು ಎಂಬುದನ್ನು ತಿಳಿದೇ ಒಪ್ಪಿಕೊಳ್ಳಿ. ಲೆಕ್ಕ ಕೂಡದಿದ್ದರೆ ಪದವಿಯನ್ನು ಮನೆಯಿಂದ ಮಾಡಿ, ಸ್ನಾತಕೋತ್ತರಕ್ಕೆ ಹೊರಗೆ ಹೋಗುವ ದಾರಿಯಿದೆ. ನನ್ನ ನಾದಿನಿಯ ಮಗಳು ಮಾಡಿದ್ದು ಅದನ್ನೇ. ಅದರಿಂದ ಅವಳಿಗೆ ಏನೂ ಕಡಿಮೆಯಾಗಲಿಲ್ಲ.

ಹೋಗಿ ನೋಡಿ, ಕೇಳಿ, ಆಮೇಲೆ ಆರಿಸಿ

ಸಾಧ್ಯವಿದ್ದರೆ ಆ ಊರಿಗೊಮ್ಮೆ ಹೋಗಿ. ರಜೆಯ ದಿನ ಬೇಡ, ಪಾಠ ನಡೆಯುವ ದಿನ ಹೋಗಿ. ಕ್ಯಾಂಟೀನಿನಲ್ಲಿ ಕುಳಿತು ಎರಡನೆಯ ವರ್ಷದವರನ್ನು ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರುವುದಿಲ್ಲ, ಕೊನೆಯ ವರ್ಷದವರಿಗೆ ಪುರುಸೊತ್ತಿರುವುದಿಲ್ಲ. ಮೂರು ಪ್ರಶ್ನೆ ಸಾಕು. ನಿಮ್ಮ ಹೆಸರು ಗೊತ್ತಿರುವ ಅಧ್ಯಾಪಕರು ಎಷ್ಟು ಮಂದಿ? ಸಂಜೆ ಐದರ ಮೇಲೆ ನೀವು ಎಲ್ಲಿರುತ್ತೀರಿ? ಹೋದ ತಿಂಗಳು ಪಠ್ಯಕ್ಕೆ ಹೊರತಾದ ಯಾವ ಪುಸ್ತಕ ಓದಿದಿರಿ? ಈ ಉತ್ತರಗಳಲ್ಲಿ ನಿಮ್ಮ ಮುಂದಿನ ಸೋಮವಾರ ಕಾಣುತ್ತದೆ. ಹೋಗಲಾಗದಿದ್ದರೆ ಆ ಊರಿನ ಕನ್ನಡ ಸಂಘಕ್ಕೆ ಒಂದು ಫೋನು ಮಾಡಿ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳ ಪರಿಚಯ ಸಂಘದವರಿಗೆ ಇದ್ದೇ ಇರುತ್ತದೆ. ಸಂಘಗಳು ಇರುವುದು ರಾಜ್ಯೋತ್ಸವದ ದಿನಕ್ಕೆ ಮಾತ್ರವಲ್ಲವಲ್ಲ!

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಎರಡನ್ನೂ ಒಟ್ಟಿಗೇ ಹೇಳಿದ್ದಾರೆ. ಊರು ಬಿಟ್ಟು ಹೋಗುವವರು ಕೋಶವನ್ನು ಮರೆಯದಿರಲಿ, ಮನೆಯಲ್ಲಿ ಉಳಿಯುವವರು ಸುತ್ತುವುದನ್ನು ಮರೆಯದಿರಲಿ. ಈ ವರ್ಷ ಹನ್ನೆರಡನೆಯ ತರಗತಿ ಬರೆಯುತ್ತಿರುವ ನಮ್ಮ ಸಂಘದ ಎಲ್ಲ ಮಕ್ಕಳಿಗೂ ಒಳ್ಳೆಯ ಅಂಕಗಳು ಬರಲಿ, ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಗುರುಗಳೂ ಗೆಳೆಯರೂ ಸಿಗಲಿ ಎಂದು ಹಾರೈಸುತ್ತೇನೆ.